ಎರಡು ಗುಲಗಂಜಿ ಮದ್ದು

ಅಮೆರಿಕದ ಒಮಾಹಾದಲ್ಲಿ ನಾವು ಹೋಗುವ ಗುಂಡು ಹೊಡೆಯುವ ಕ್ಲಬ್ಬಿನ ಸಿಮೆಂಟು ನೆಲದ ಮೇಲೆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಹಿತ್ತಾಳೆ ಚೆಲ್ಲಾಡಿರುತ್ತದೆ. ಪಿಸ್ತೂಲಿನವರು ಒಂದರ ಹಿಂದೊಂದು ಹೊಡೆಯುತ್ತ ಹೋಗುತ್ತಾರೆ. ಪ್ರತಿ ಈಡಿಗೂ ಒಂದು ಖಾಲಿ ತೋಟಾ ಬಲಕ್ಕೆ ಚಿಮ್ಮಿ, ನೆಲಕ್ಕೆ ತಾಗಿ ಟಿಣ್ಣೆಂದು, ಬೆಂಚಿನ ಕೆಳಗೋ ಪಕ್ಕದವರ ಕಾಲಿನ ಬಳಿಗೋ ಉರುಳುತ್ತದೆ. ಹೊಡೆದಾದ ಮೇಲೆ ಅವರು ಕಿವಿಯ ಮುಚ್ಚಳ ತೆಗೆದು, ಚೀಲ ಹೆಗಲಿಗೇರಿಸಿ, ಒಬ್ಬರಿಗೊಬ್ಬರು ಕೈಬೀಸಿ ಹೊರಟುಬಿಡುತ್ತಾರೆ. ಮೂಲೆಯಲ್ಲಿ ಉದ್ದ ಹಿಡಿಯ ಪೊರಕೆ, ಪ್ಲಾಸ್ಟಿಕ್ ಬಕೆಟ್ಟು ಇಟ್ಟಿದ್ದಾರೆ. ಮನಸ್ಸಿದ್ದವರು ಗುಡಿಸಿ ತುಂಬಬಹುದು. ಮನಸ್ಸು ಮಾಡುವವರು ಕಡಿಮೆ. ನನಗೆ ಮಾತ್ರ ಅವನ್ನು ತುಳಿದುಕೊಂಡು ಹೋಗಲು ಆಗುವುದಿಲ್ಲ. ಬೂಟಿನಡಿ ಒಂದು ಸಿಕ್ಕಿ ಬಾಯಿ ಚಪ್ಪಟೆಯಾದರೆ ಮನಸ್ಸು ಚುರುಕ್ಕೆನ್ನುತ್ತದೆ. ಬಗ್ಗಿ ಹೆಕ್ಕುತ್ತೇನೆ. ಇನ್ನೂ ಬಿಸಿಯಿರುತ್ತದೆ, ಸುಟ್ಟ ಮದ್ದಿನ ಖಾರದ ವಾಸನೆ ಇರುತ್ತದೆ. ತಳದ ನಡುವೆ ಸೂಜಿ ಬಡಿದ ಕುಳಿ ಕಾಣುತ್ತದೆ. ಅಂಗೈಯಲ್ಲಿಟ್ಟು ನೋಡಿದರೆ ಇದು ಮುಗಿದ ವಸ್ತು ಎಂದು ನನಗೆ ಅನ್ನಿಸುವುದೇ ಇಲ್ಲ.

ಈ ಅಭ್ಯಾಸ ಹಚ್ಚಿದವರು ಒಬ್ಬ ಹವಾಲ್ದಾರರು. ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದ್ದೆ. ಶಿವಮೊಗ್ಗದ ಕಡೆಯ ಒಂದು ಕ್ಯಾಂಪಿನಲ್ಲಿ ಹುಡುಗಿಯರಾದ ನಮಗೆ ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಗುಂಡು ಹೊಡೆಸಿದರು. ನೆಲದ ಮೇಲೆ ಹಾಸಿದ ತಾಡಪಾಲಿನ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಕೊಟ್ಟಷ್ಟು ಗುಂಡು ಹೊಡೆದು ಎದ್ದರೆ ಆಯಿತು ಎಂದು ನಾವು ತಿಳಿದಿದ್ದೆವು. ಆಗಿರಲಿಲ್ಲ. ಹೊಡೆದಷ್ಟೂ ಖೋಖಾಗಳು ವಾಪಸ್ಸು ಬಂದು ಲೆಕ್ಕಕ್ಕೆ ಸರಿಹೊಂದಬೇಕಿತ್ತು. ಖಾಲಿ ತೋಟಾಕ್ಕೆ ಸೈನ್ಯದ ಮಂದಿ ಖೋಖಾ ಎನ್ನುತ್ತಾರೆ. ಅವತ್ತು ಒಂದು ಖೋಖಾ ಕಡಿಮೆ ಬಂತು. ಹವಾಲ್ದಾರರು ಬೈಯಲಿಲ್ಲ, ಕೂಗಲಿಲ್ಲ. 'ಏಕ್ ಕಮ್ ಹೈ' ಎಂದು ಹೇಳಿ ಮೊದಲು ತಾವೇ ಮಂಡಿಯೂರಿ ಹುಲ್ಲಿನಲ್ಲಿ ಕೈಯಾಡಿಸತೊಡಗಿದರು. ಅವರ ಹಿಂದೆ ನಾವೆಲ್ಲ. ಊಟದ ಲಾರಿ ಬಂದು ನಿಂತಿತ್ತು, ಸೊಪ್ಪಿನ ಸಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಯಾರೂ ಏಳಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಸಾಗರದ ಕಡೆಯ ಒಬ್ಬ ಹುಡುಗಿಯ ಮಡಚಿದ ತೋಳಿನ ಮಡಿಕೆಯೊಳಗೆ. ಹವಾಲ್ದಾರರು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ, ಉಳಿದವುಗಳ ಜೊತೆ ಹಾಕಿ, ಮತ್ತೊಮ್ಮೆ ಮೊದಲಿನಿಂದ ಎಣಿಸಿ, ರಿಜಿಸ್ಟರಿನಲ್ಲಿ ಬರೆದುಕೊಂಡರು. ಆಮೇಲೆ ಊಟ. ಹೊಡೆದ ಗುಂಡು ಎಲ್ಲಿಗೆ ಹೋಯಿತು ಎನ್ನುವಷ್ಟೇ ಮುಖ್ಯವಾದದ್ದು ಅದು ಬಿಟ್ಟುಹೋದ ಹಿತ್ತಾಳೆ ಎಲ್ಲಿದೆ ಎನ್ನುವುದು ಎಂದು ನಾನು ಕಲಿತದ್ದು ಆ ಹುಲ್ಲಿನಲ್ಲಿ.

ಆ ಖೋಖಾ ಆಮೇಲೆ ಯಾವ ಉಪಯೋಗಕ್ಕೂ ಬರುವುದಲ್ಲ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಬಳಿಕ. ಪಾಯಿಂಟ್ ಟೂ ಟೂ ತೋಟಾದಲ್ಲಿ ಕಿಡಿ ಹತ್ತಿಸುವ ರಾಸಾಯನಿಕವನ್ನು ತಳದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜಿದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ಅಂಚನ್ನು ಮತ್ತೆ ತುಂಬಿ ಸರಿಮಾಡುವುದು ಮನೆಯ ಕೆಲಸವಲ್ಲ. ಕೈಕೋವಿಯ ದೊಡ್ಡ ತೋಟಾಗಳು ಹಾಗಲ್ಲ. ಅವುಗಳ ತಳದ ನಡುವೆ ಪ್ರೈಮರ್ ಎಂಬ ಪುಟ್ಟ ಬಟ್ಟಲು ಬೇರೆಯಾಗಿಯೇ ಕೂತಿರುತ್ತದೆ. ಹಳೆಯದನ್ನು ನೂಕಿ ಹೊಸದನ್ನು ಕೂರಿಸಬಹುದು. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಪಕ್ಕದ ಮನೆಯ ಹಿರಿಯರು.

ಅವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಮಗಳು ಅವರನ್ನು ಅಜ್ಜ ಎಂದೇ ಕರೆಯುತ್ತಾಳೆ. ಆ ಕರೆ ಅವರಿಗೂ ಒಗ್ಗಿಹೋಗಿದೆ, ಬಾಗಿಲು ತಟ್ಟಿ 'ಅಜ್ಜ ಬಂದಿದ್ದೇನೆ' ಎನ್ನುತ್ತಾರೆ. ಆ ಒಂದು ಪದ ಮಾತ್ರ ಕನ್ನಡ. ನೆಬ್ರಾಸ್ಕಾದ ಚಳಿಗಾಲದಲ್ಲಿ ಹೊರಗೆ ಹೋಗಿ ಮಾಡುವುದು ಏನೂ ಇರುವುದಿಲ್ಲವಾದ್ದರಿಂದ ಅವರ ದಿನಗಳು ನೆಲಮಾಳಿಗೆಯಲ್ಲಿ ಕಳೆಯುತ್ತವೆ. ಅಲ್ಲಿ ದಪ್ಪ ಹಲಗೆಯ ಒಂದು ಮೇಜು. ಅದಕ್ಕೆ ಬೋಲ್ಟು ಹಾಕಿ ಬಿಗಿದ ಹಸಿರು ಬಣ್ಣದ ಎರಕದ ಕಬ್ಬಿಣದ ಪ್ರೆಸ್ಸು. ಗೋಡೆಗೆ ಗೂಡು, ಗೂಡಿನಲ್ಲಿ ಅಂಚು ನಲುಗಿದ ಲೈಮನ್, ಸ್ಪೀರ್ ಕೈಪಿಡಿಗಳು. ಒಂದು ಸಂಜೆ ಅವರ ಹೆಂಡತಿ ಮಾಡಿದ ಆಪಲ್ ಪೈ ತಿನ್ನಲು ಹೋದಾಗ ಅವರು ಕೆಳಗೆ ಪ್ರೈಮರುಗಳ ಜೊತೆ ಹೆಣಗುತ್ತಿದ್ದರು. ವಯಸ್ಸಿನ ನಡುಕ ಬೆರಳಿಗೆ ಬಂದಿದೆ. ಕೊತ್ತಂಬರಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಬಟ್ಟಲುಗಳು ಹಿಡಿತಕ್ಕೆ ಸಿಗದೆ ಜಾರುತ್ತಿದ್ದವು. 'ನಾನು ಇಡಲೇ?' ಎಂದೆ. ಅವರು ನನ್ನ ಮುಖ ನೋಡಿದರು, ಕೈ ನೋಡಿದರು, ಮೇಜಿನ ಪಕ್ಕದ ಸಿಂಕನ್ನು ತೋರಿಸಿದರು. 'ಮೊದಲು ಕೈ ತೊಳೆದು ಒರೆಸಿಕೋ. ಎಣ್ಣೆ ಜಿಡ್ಡು ತಾಗಿದರೆ ಪ್ರೈಮರ್ ಸಾಯುತ್ತದೆ.' ನನ್ನ ಕಲಿಕೆ ಶುರುವಾದದ್ದು ಹೀಗೆ. ನನ್ನದೆಂದು ಹೇಳಿಕೊಳ್ಳಲು ಇವತ್ತಿಗೂ ಒಂದು ಕೋವಿಯಿಲ್ಲ. ಅವರ 38 ಸ್ಪೆಷಲ್ ರಿವಾಲ್ವರಿಗೆ, ಅವರ ಮೇಜಿನ ಮೇಲೆ, ಅವರ ಕಣ್ಣ ಮುಂದೆ ನಾನು ತೋಟಾ ತುಂಬುತ್ತೇನೆ.

ರಿವಾಲ್ವರಿನಿಂದ ಶುರು ಮಾಡಿದ್ದು ನನ್ನ ಭಾಗ್ಯ ಎಂದುಕೊಂಡಿದ್ದೇನೆ. ಅದು ಹಿತ್ತಾಳೆಯನ್ನು ಎಸೆಯುವುದಿಲ್ಲ. ಹೊಡೆದಾದ ಮೇಲೆ ಉರುಳೆಯನ್ನು ಹೊರಗೆ ಮಗುಚಿ ಕಡ್ಡಿ ಒತ್ತಿದರೆ ಖಾಲಿ ತೋಟಾಗಳು ಅಂಗೈಗೇ ಬಂದು ಬೀಳುತ್ತವೆ. ಎಣಿಸಿ ಚೀಲಕ್ಕೆ ಹಾಕಿಕೊಂಡರೆ ಆಯಿತು. ಹವಾಲ್ದಾರರು ನೋಡಿದ್ದರೆ ಮೆಚ್ಚುತ್ತಿದ್ದರು.

ಈ ಹಿತ್ತಾಳೆ ಬಹಳ ವಿವೇಕದ ಲೋಹ. 100ರಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಮದ್ದು ಹೊತ್ತಿದ ಕ್ಷಣ ಒಳಗಿನ ಒತ್ತಡಕ್ಕೆ ತೋಟಾದ ಗೋಡೆ ಉಬ್ಬಿ ಕೋವಿಯ ಗೂಡಿಗೆ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ, ಹೊಡೆಯುವವರ ಮುಖದ ಕಡೆಗೆ, ನುಗ್ಗದ ಹಾಗೆ ತಡೆಯುವುದು ಈ ಉಬ್ಬುವಿಕೆಯೇ. ಗುಂಡು ಹೊರಟು ಒತ್ತಡ ಇಳಿದ ಕೂಡಲೇ ಅದು ತುಸು ಹಿಂದೆ ಸರಿದು ಗೂಡನ್ನು ಬಿಟ್ಟುಕೊಡುತ್ತದೆ. ಪೂರ್ತಿ ಮೊದಲಿನ ಅಳತೆಗೆ ಮರಳುವುದಿಲ್ಲ, ಸ್ವಲ್ಪ ಉಬ್ಬೇ ಉಳಿಯುತ್ತದೆ. ಆ ಉಳಿದ ಉಬ್ಬನ್ನು ಇಳಿಸುವುದು ಮನೆಯಲ್ಲಿ ತೋಟಾ ತುಂಬುವವರ ಮೊದಲ ಕೆಲಸ.

ಅದಕ್ಕೂ ಮೊದಲು ತೊಳೆತ, ತಪಾಸಣೆ. ಜೋಳದ ದಿಂಡನ್ನು ಪುಡಿ ಮಾಡಿ ತುಂಬಿದ ಬೋಗುಣಿಯೊಂದು ಗುರ್ರೆಂದು ನಡುಗುತ್ತಿರುತ್ತದೆ. ಅದರೊಳಗೆ ಹೊರಳಾಡಿ ತೋಟಾಗಳು ಮಸಿ ಕಳೆದುಕೊಂಡು ಹೊಳೆಯುತ್ತವೆ. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡಬೇಕು. ಬಾಯಿಯ ಹತ್ತಿರ ಕೂದಲೆಳೆಯ ಸೀಳು ಕಂಡರೂ ಅದು ರದ್ದಿಗೆ. ಆಮೇಲೆ ಪ್ರೆಸ್ಸಿನ ನೆತ್ತಿಗೆ ಡೈ ಎಂಬ ಅಚ್ಚನ್ನು ತಿರುಪಿ, ಕೆಳಗೆ ತೋಟಾ ನಿಲ್ಲಿಸಿ, ಸನ್ನೆಗೋಲು ಎಳೆದರೆ ಅದು ಮೇಲೇರಿ ಡೈಯೊಳಗೆ ಹೊಕ್ಕು ಮೊದಲಿನ ಅಳತೆಗೆ ಬರುತ್ತದೆ. ಅದೇ ಎಳೆತದಲ್ಲಿ ಒಂದು ಕಡ್ಡಿ ಹಳೆಯ ಪ್ರೈಮರನ್ನು ಕೆಳಗೆ ನೂಕುತ್ತದೆ. ಡೈಯ ಬಾಯಲ್ಲಿ ಕಾರ್ಬೈಡ್ ಉಂಗುರವಿದ್ದರೆ ನೇರ ಗೋಡೆಯ ಕೈಕೋವಿ ತೋಟಾಗಳಿಗೆ ಜಿಡ್ಡು ಸವರುವ ಕೆಲಸವೂ ಇಲ್ಲ. ಎರಡನೆಯ ಡೈ ಬಾಯನ್ನು ಒಂದು ಎಳೆಯಷ್ಟು ಅರಳಿಸುತ್ತದೆ. ಆಮೇಲೆ ಹೊಸ ಪ್ರೈಮರ್. ಅದು ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಅಣುವಿನಷ್ಟು ಒಳಗೆ ಕೂರಬೇಕು. ಉಬ್ಬಿ ನಿಂತರೆ ರಿವಾಲ್ವರಿನ ಉರುಳೆ ತಿರುಗುವುದಿಲ್ಲ. ಇದನ್ನು ಕಣ್ಣಿಗಿಂತ ಚೆನ್ನಾಗಿ ಹೇಳುವುದು ಬೆರಳ ತುದಿ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿದು ಬೆಳೆದ ಬೆರಳು ನನ್ನದು. ಆ ಮಟ್ಟಿಗೆ ಕೈ ತಯಾರಾಗಿಯೇ ಇತ್ತು.

ಆ ಮನೆಯ ಜಗಲಿಯ ಗೋಡೆಗೆ ಅಜ್ಜಯ್ಯನ ಕೇಪಿನ ಕೋವಿ ಇತ್ತು. ಮಂಗ, ಹಂದಿಗಳನ್ನು ಹೆದರಿಸಿ ತೋಟ ಉಳಿಸಿಕೊಳ್ಳಲು ಲೈಸೆನ್ಸು ಪಡೆದದ್ದು. ಚುನಾವಣೆ ಬಂತೆಂದರೆ ಅದು ಪೊಲೀಸ್ ಠಾಣೆಗೆ ಹೋಗಿ ಕೂರುತ್ತಿತ್ತು. ಮಂಗಗಳಿಗೆ ಆ ತಿಂಗಳು ಹಬ್ಬ. ಕೋವಿ ತುಂಬುವುದನ್ನು ನೋಡಲು ಗಂಡುಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿದ್ದರು, ನಮ್ಮನ್ನು ಅಡುಗೆಮನೆಯ ಕಡೆ ಅಟ್ಟುತ್ತಿದ್ದರು. ನಾನು ಮಾಡಿನ ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ಬಿದಿರಿನ ಪುಟ್ಟ ಅಳತೆಯಲ್ಲಿ ಕರಿ ಮದ್ದು ತೆಗೆದು ನಳಿಕೆಯ ಬಾಯಿಗೆ ಸುರಿಯುವುದು, ತೆಂಗಿನ ನಾರು ಉಂಡೆ ಮಾಡಿ ಹಾಕಿ ಗಜದಿಂದ ಜಡಿಯುವುದು, ಅದರ ಮೇಲೆ ಚರೆ, ಚರೆಯ ಮೇಲೆ ಮತ್ತೆ ನಾರು. ಕೊನೆಗೆ ಹಿಂದುಗಡೆಯ ಮೊಲೆಗೆ ತಾಮ್ರದ ಕೇಪು. ಅಜ್ಜಯ್ಯ ಈ ಹೊತ್ತಿನಲ್ಲಿ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಅಂಗಳಕ್ಕೆ ನೆಂಟರು ಬಂದು ನಿಂತರೂ ಅಷ್ಟೇ, ಕೈಯಲ್ಲಿರುವುದು ಮುಗಿದ ಮೇಲೆಯೇ 'ಬನ್ನಿ, ಬನ್ನಿ' ಎನ್ನುತ್ತಿದ್ದರು. ಮಾತೆಂದರೆ ಪ್ರಾಣ ಬಿಡುವ ಮನುಷ್ಯ ಅಷ್ಟು ಹೊತ್ತು ಮೌನವಾಗಿರುವುದು ಮನೆಯವರಿಗೆಲ್ಲ ಅಚ್ಚರಿ.

ಒಮಾಹಾದ ನೆಲಮಾಳಿಗೆಯಲ್ಲಿಯೂ ಅದೇ ನಿಯಮ. ಮದ್ದು ತೂಗುವಾಗ ರೇಡಿಯೋ ಇಲ್ಲ, ಫೋನಿಲ್ಲ, ಮಾತಿಲ್ಲ, ಕಾಫಿ ಲೋಟ ಮೇಜಿನ ಮೇಲೆ ಬರುವಂತಿಲ್ಲ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಪೌಡರಿನ ಡಬ್ಬಿ. ಕೆಲಸ ಮುಗಿದ ಮೇಲೆ ಉಳಿದದ್ದು ಅದರದೇ ಡಬ್ಬಿಗೆ ವಾಪಸ್ಸು. ಮದ್ದು ಅಳೆದು ಸುರಿಯುವ ಯಂತ್ರದ ಹೊಟ್ಟೆಯಲ್ಲಿ ಬಿಟ್ಟು ಮಲಗಿದರೆ ಬೆಳಿಗ್ಗೆ ಅದು ಯಾವ ಪೌಡರೆಂದು ಹೇಳುವವರು ಯಾರು? ಕಡುಬೂದು ಬಣ್ಣದ ಪುಟ್ಟ ಬಿಲ್ಲೆಗಳು ಎಲ್ಲವೂ ನೋಡಲು ಒಂದೇ ತರಹ, ಉರಿಯುವ ವೇಗ ಮಾತ್ರ ಒಂದಕ್ಕೊಂದು ಅಜಗಜಾಂತರ. ಯಾವ ಗುಂಡಿಗೆ ಯಾವ ಪೌಡರ್ ಎಷ್ಟು ಎಂಬುದು ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ಕನಿಷ್ಠದಿಂದ ಗರಿಷ್ಠದವರೆಗೆ. ಹೊಸಬರು ಕನಿಷ್ಠದಲ್ಲಿ ಶುರು ಮಾಡಬೇಕು. ಎಷ್ಟೋ ಕಾಲ ಅಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ನೆನಪಿನಿಂದ ಅಂಕಿ ಹೇಳಬಾರದು, ಕೇಳಿದ ಅಂಕಿ ಹಾಕಬಾರದು, ಪ್ರತಿ ಸಲವೂ ಪುಸ್ತಕ ತೆರೆಯಬೇಕು. ಆದ್ದರಿಂದ ಈ ಬರಹದಲ್ಲಿ ಬರುವ ತೂಕಗಳನ್ನು ಯಾರೂ ಅಳತೆಯೆಂದು ಹಿಡಿಯಬಾರದು.

ಈಗ ತಕ್ಕಡಿಯ ವಿಷಯಕ್ಕೆ ಬರುತ್ತೇನೆ, ನನ್ನ ಮನಸ್ಸು ಸಿಕ್ಕಿಕೊಂಡಿರುವುದು ಅಲ್ಲಿಯೇ. ಈ ಕಸುಬಿನಲ್ಲಿ ಗ್ರಾಮಿನ ಲೆಕ್ಕವಿಲ್ಲ, ಗ್ರೇನಿನ ಲೆಕ್ಕ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರೇನೆಂದರೆ ಹತ್ತಿರ ಹತ್ತಿರ 65 ಮಿಲಿಗ್ರಾಂ. ಬೇಗ ಉರಿಯುವ ಪೌಡರಾದರೆ 38 ಸ್ಪೆಷಲ್ಲಿನ ಒಂದು ತೋಟಾಕ್ಕೆ ಹೋಗುವುದು ನಾಲ್ಕು ಗ್ರೇನಿನ ಆಸುಪಾಸು. ಮೊದಲ ಸಲ ಅದನ್ನು ತಕ್ಕಡಿಯ ಬಟ್ಟಲಿನಲ್ಲಿ ನೋಡಿದಾಗ ಇಷ್ಟೇ ಇಷ್ಟು ಮದ್ದು ಅಷ್ಟು ದೊಡ್ಡ ಸದ್ದು ಮಾಡುವುದೇ ಎಂದು ನಂಬಿಕೆಯಾಗಲಿಲ್ಲ. ನಾಲ್ಕು ಗ್ರೇನ್ ಎಂದರೆ ನಮ್ಮ ಲೆಕ್ಕದಲ್ಲಿ ಎಷ್ಟು ಎಂದು ಮನಸ್ಸು ತಡಕಾಡಿತು. ಊರಿನ ಅಕ್ಕಸಾಲಿಗರ ಅಂಗಡಿ ಕಣ್ಣ ಮುಂದೆ ಬಂತು.

ಅಮ್ಮನ ಬೆಂಡೋಲೆ ಸರಿ ಮಾಡಿಸಲು ಹೋದಾಗ ಅವರು ಮರದ ಪೆಟ್ಟಿಗೆಯಿಂದ ಹಿತ್ತಾಳೆಯ ಸಣ್ಣ ತಕ್ಕಡಿ ತೆಗೆಯುತ್ತಿದ್ದರು. ಫ್ಯಾನ್ ಆರಿಸುತ್ತಿದ್ದರು. ಬಾಗಿಲ ಕಡೆಯಿಂದ ಗಾಳಿ ಬೀಸಿದರೆ ತಮ್ಮ ಎಡಗೈಯನ್ನು ಅಡ್ಡ ಹಿಡಿಯುತ್ತಿದ್ದರು. ಒಂದು ಕಡೆ ಬಂಗಾರ, ಇನ್ನೊಂದು ಕಡೆ ಬೊಟ್ಟು, ಬೊಟ್ಟಿನ ಜೊತೆಗೆ ಕೆಂಪು ಮೈ ಕಪ್ಪು ತಲೆಯ ಗುಲಗಂಜಿ. ಒಂದು ತೊಲಕ್ಕೆ 96 ಗುಲಗಂಜಿ. ಈಸ್ಟ್ ಇಂಡಿಯಾ ಕಂಪನಿಯವರು 1833ರಲ್ಲಿ ತೂಕಗಳನ್ನು ಒಂದು ಮಾಡುವಾಗ ತೊಲವನ್ನು ಸರಿಯಾಗಿ 180 ಗ್ರೇನಿಗೆ ನಿಲ್ಲಿಸಿದರು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಹಾಗಾದರೆ ಒಂದು ಗುಲಗಂಜಿಗೆ ಎರಡು ಗ್ರೇನಿಗಿಂತ ತುಸು ಕಡಿಮೆ. ನಾಲ್ಕು ಗ್ರೇನ್ ಮದ್ದೆಂದರೆ ಎರಡು ಗುಲಗಂಜಿ ಮತ್ತೊಂದು ಚೂರು! ಕೂಡಲೇ ಆ ಅಳತೆ ನನ್ನದಾಯಿತು. ಎರಡು ಗುಲಗಂಜಿಯ ಭಾರ ಅಂಗೈಗೆ ಗೊತ್ತಿದೆ, ಚೆನ್ನೆಮಣೆ ಆಡುವಾಗ ಎಷ್ಟು ಸಲ ಹಿಡಿದಿಲ್ಲ.

ಮರುದಿನ ಅಜ್ಜಿ ಕೊಟ್ಟ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಪಕ್ಕದ ಮನೆಗೆ ಹೋದೆ. ಹಿರಿಯರು ತಕ್ಕಡಿಯ ತೋಳನ್ನು ಸೊನ್ನೆಗೆ ತಂದು, ಹೀಟರಿನ ಗಾಳಿ ಬೀಳದ ಹಾಗೆ ಎಡಗೈ ಅಡ್ಡ ಹಿಡಿದರು. ರೂಪಾಯಿ ಬಟ್ಟಲಲ್ಲಿ ಕೂತಿತು. ತೋಳು ಮೇಲೆ ಕೆಳಗೆ ತೂಗಿ ತೂಗಿ 180ಕ್ಕಿಂತ ಒಂದಿಷ್ಟು ಕೆಳಗೆ ನಿಂತಿತು. ಆ ಒಂದಿಷ್ಟು ಸವೆದುಹೋದದ್ದು ಎಷ್ಟು ಸೆರಗುಗಳ ಗಂಟಿನಲ್ಲಿ, ಎಷ್ಟು ಪೂಜೆಯ ತಟ್ಟೆಗಳಲ್ಲಿ ಎಂದು ಯಾರು ಹೇಳಬೇಕು. ಅವರು ಬಹಳ ಹೊತ್ತು ರೂಪಾಯಿಯನ್ನೇ ನೋಡಿದರು. ಆಮೇಲೆ ಡಬ್ಬಿಯಿಂದ 158 ಗ್ರೇನಿನ ಸೀಸದ ಗುಂಡೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. 38 ಸ್ಪೆಷಲ್ಲಿಗೆ ಹಳೆಯ ಕಾಲದಿಂದ ನಡೆದುಬಂದ ತೂಕ ಅದು. 'ನಿನ್ನ ಅಜ್ಜಿಯ ದುಡ್ಡು ನನ್ನ ಗುಂಡಿಗಿಂತ ಭಾರ' ಎಂದರು. ನಮ್ಮಿಬ್ಬರ ಊರುಗಳು ಒಂದೇ ಅಳತೆಗೋಲಿನ ಮೇಲೆ ಬಂದು ನಿಂತ ಸಂಜೆ ಅದು, ನನಗೆ ತುಂಬ ಖುಷಿಯಾಗಿತ್ತು.

ಇನ್ನು ಅಪಾಯದ ಮಾತು. 38 ಸ್ಪೆಷಲ್ ಹುಟ್ಟಿದ್ದು 1898ರ ಹೊತ್ತಿಗೆ, ಸ್ಮಿತ್ ಅಂಡ್ ವೆಸ್ಸನ್ ಕಂಪನಿಯಲ್ಲಿ. ಆಗ ಅದಕ್ಕೆ ತುಂಬುತ್ತಿದ್ದದ್ದು ಕರಿ ಮದ್ದು, ಇಪ್ಪತ್ತು ಗ್ರೇನಿಗಿಂತ ಹೆಚ್ಚು. ಅಷ್ಟು ಮದ್ದು ಹಿಡಿಸಲೆಂದು ತೋಟಾವನ್ನು ಉದ್ದಕ್ಕೆ ಮಾಡಿದರು. ಹೊಗೆಯಿಲ್ಲದ ಹೊಸ ಪೌಡರ್ ಬಂದ ಮೇಲೆ ಸ್ವಲ್ಪವೇ ಸಾಕಾಯಿತು, ತೋಟಾದ ಉದ್ದ ಮಾತ್ರ ಹಾಗೆಯೇ ಉಳಿಯಿತು. ಎರಡು ಗುಲಗಂಜಿ ಮದ್ದು ಅದರ ತಳದಲ್ಲೆಲ್ಲೋ ಬಿದ್ದಿರುತ್ತದೆ, ಮೇಲೆಲ್ಲ ಖಾಲಿ. ಕೈತಪ್ಪಿ ಇನ್ನೊಂದು ಸಲ ಸುರಿದರೂ ಅದು ತುಳುಕುವುದಿಲ್ಲ, ಗುಂಡು ಕೂರಿಸಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಹೊಡೆದ ದಿನ ರಿವಾಲ್ವರ್ ಒಡೆಯಬಹುದು, ಕೈ ಹೋಗಬಹುದು. ಮದ್ದೇ ಬೀಳದಿದ್ದರೆ ಇನ್ನೊಂದು ಬಗೆಯ ಕೇಡು. ಪ್ರೈಮರಿನ ಕಿಡಿಯಷ್ಟೇ ಗುಂಡನ್ನು ನಳಿಕೆಯ ನಡುವಿನವರೆಗೆ ನೂಕಿ ಬಿಟ್ಟುಬಿಡುತ್ತದೆ. ಸದ್ದು ಮಂದವಾಗಿತ್ತಲ್ಲ ಎಂದು ನಿಲ್ಲಿಸದೆ ಮುಂದಿನದನ್ನು ಹೊಡೆದರೆ ನಳಿಕೆ ಸೀಳುತ್ತದೆ. ಸದ್ದು ಬೇರೆಯೆನ್ನಿಸಿದ ಕೂಡಲೇ ಬೆರಳು ತೆಗೆ, ಇದು ಹಿರಿಯರು ನನಗೆ ಹೇಳಿದ ಮಾತುಗಳಲ್ಲಿ ಅತಿ ಗಡಸಿನದು.

ಅಜ್ಜಯ್ಯನಿಗೂ ಇದೇ ಭಯ ಇತ್ತು. ತುಂಬಿಟ್ಟ ಕೋವಿ ಗೋಡೆಯ ಮೇಲಿರುತ್ತದೆ, ನಡುವೆ ದಿನಗಳು ಕಳೆಯುತ್ತವೆ, ಒಳಗೆ ಈಡು ಇದೆಯೋ ಇಲ್ಲವೋ ಮರೆತು ಮೇಲಿಂದ ಇನ್ನೊಂದು ಸುರಿದರೆ ಗತಿಯೇನು? ಅದಕ್ಕೆ ಅವರು ಮೊದಲು ಗಜವನ್ನು ನಳಿಕೆಯೊಳಗೆ ಮೆಲ್ಲಗೆ ಇಳಿಸುತ್ತಿದ್ದರು. ತಳ ಮುಟ್ಟಿದ ಮೇಲೆ ಹೊರಗೆ ಉಳಿದ ಭಾಗಕ್ಕೆ ಬೆರಳು ಹಚ್ಚಿ ಅಳೆಯುತ್ತಿದ್ದರು. ಬರಿದಾದ ಕೋವಿಗೆ ಇಷ್ಟು ಬೆರಳು, ತುಂಬಿದ ಕೋವಿಗೆ ಇಷ್ಟು. ಕಂಬದ ಹಿಂದಿನಿಂದ ನಾನೂ ಅವರ ಜೊತೆ ಬೆರಳು ಮಡಚುತ್ತಿದ್ದೆ. ಇಲ್ಲಿ ಗಜದ ಕೆಲಸ ಮಾಡುವುದು ಬೆಳಕು. ಐವತ್ತು ಗುಳಿಗಳ ಮರದ ಮಣೆಯ ಮೇಲೆ ಮದ್ದು ಬಿದ್ದ ತೋಟಾಗಳನ್ನು ಸಾಲಾಗಿ ನಿಲ್ಲಿಸುತ್ತೇವೆ. ಗುಂಡು ಕೂರಿಸುವ ಮೊದಲು ಟಾರ್ಚು ಹಿಡಿದು ಒಂದೊಂದರೊಳಗೂ ಇಣುಕುತ್ತೇವೆ. ಒಂದರಲ್ಲಿ ಮದ್ದು ಎತ್ತರಕ್ಕಿದೆ ಅಥವಾ ತಗ್ಗಿದೆ ಎಂದು ಅನುಮಾನ ಬಂದರೂ ಸಾಕು, ಬಗ್ಗಿಸಿ ಖಾಲಿ ಮಾಡಿ ಮತ್ತೆ ತೂಗಬೇಕು. ನಾನು ನೋಡಿದ ಸಾಲನ್ನು ಅವರು ಇನ್ನೊಮ್ಮೆ ನೋಡುತ್ತಾರೆ. ಅವರ ಕೈ ನಡುಗಿದರೂ ಕಣ್ಣು ಈಗಲೂ ಚುರುಕು. ಅದಾದ ಮೇಲೆಯೇ ಗುಂಡು ಕೂರಿಸಿ, ಅರಳಿದ ಬಾಯನ್ನು ಒಳಕ್ಕೆ ಮಡಚಿ ಗುಂಡಿನ ಗೀರಿಗೆ ಕಚ್ಚಿಸುವುದು.

ಹಳೆಯ ಪ್ರೈಮರ್ ಒಂದೇ ಎಳೆತಕ್ಕೆ ಉದುರುವುದರ ಹಿಂದೆಯೂ ಒಂದು ಕತೆಯಿದೆ. ಬಾಕ್ಸರ್ ಎಂಬ ಇಂಗ್ಲಿಷ್ ಸೇನಾಧಿಕಾರಿ, ಬರ್ಡನ್ ಎಂಬ ಅಮೆರಿಕದವನು, ಇಬ್ಬರೂ 1866ರ ಹೊತ್ತಿಗೆ ತಮ್ಮ ತಮ್ಮ ಪ್ರೈಮರುಗಳನ್ನು ತಂದರು. ಬಾಕ್ಸರ್ ಬಗೆಯ ತೋಟಾಕ್ಕೆ ತಳದಲ್ಲಿ ನಡುಮಧ್ಯೆ ಒಂದೇ ತೂತು, ಕಡ್ಡಿ ತೂರಿಸಿದರೆ ಹಳೆಯ ಪ್ರೈಮರ್ ಉದುರುತ್ತದೆ. ಬರ್ಡನ್ನನದರಲ್ಲಿ ಎರಡು ಚಿಕ್ಕ ತೂತುಗಳು, ನಡುವೆ ದಿಬ್ಬ, ಕಡ್ಡಿ ತೂರುವುದಿಲ್ಲ. ಯುರೋಪಿನ ಸೈನ್ಯಗಳು ಅಮೆರಿಕದವನದನ್ನು ಹಿಡಿದುಕೊಂಡವು, ಅಮೆರಿಕ ಇಂಗ್ಲಿಷಿನವನದನ್ನು. ಈ ಅದಲುಬದಲಿನಿಂದಾಗಿಯೇ ಅಮೆರಿಕದ ನೆಲಮಾಳಿಗೆಗಳಲ್ಲಿ ಈ ಹವ್ಯಾಸ ಬೇರು ಬಿಡುವುದು ಸುಲಭವಾಯಿತು.

ಹಸಿರು ಪ್ರೆಸ್ಸಿನ ಕತೆಯೂ ಕೇಳುವಂಥದ್ದು. ಅದರ ಮೇಲೆ ಆರ್‌ಸಿಬಿಎಸ್ ಎಂದು ಅಚ್ಚಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಟೆಗಾರರಿಗೆ ಒಳ್ಳೆಯ ಗುಂಡು ಸಿಗದಾಯಿತು. ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತ 1943ರಲ್ಲಿ ಗುಂಡು ಒತ್ತುವ ಡೈ ಒಂದನ್ನು ಮಾಡಿದ. ರಾಕ್ ಚಕ್ ಎಂಬ ಬಿಲದ ಪ್ರಾಣಿಯನ್ನು ಹೊಡೆಯಲು ಬೇಕಾದ ಗುಂಡು, ಅದನ್ನು ಒತ್ತುವ ಅಚ್ಚು, ಆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಕಂಪನಿಯ ಹೆಸರಾದವು. ಸೀಸದ ಮೇಲೆ ಹೊದಿಸಲು ತೆಳು ಲೋಹ ಯುದ್ಧಕಾಲದಲ್ಲಿ ಎಲ್ಲಿಂದ ಬರಬೇಕು? ಜನ ಹೊಡೆದು ಬಿಸಾಡಿದ ಪಾಯಿಂಟ್ ಟೂ ಟೂ ಖೋಖಾಗಳನ್ನೇ ಹೆಕ್ಕಿ, ತಳದ ಅಂಚನ್ನು ನಯ ಮಾಡಿ, ಒಳಗೆ ಸೀಸ ಇಟ್ಟು ಒತ್ತಿದರು. ನೆಬ್ರಾಸ್ಕಾದಲ್ಲಿ ವರ್ನನ್ ಸ್ಪೀರ್ ಮತ್ತು ಜಾಯ್ಸ್ ಹಾರ್ನಡಿ ಕೂಡ ಅದೇ ಖೋಖಾಗಳಿಂದ ಗುಂಡು ಮಾಡುವ ಕೆಲಸದಲ್ಲಿ ಜೊತೆಯಾಗಿದ್ದರು. ಆಮೇಲೆ ಸ್ಪೀರ್ ಐಡಾಹೊದ ಲೂಯಿಸ್ಟನ್ನಿಗೆ ಹೋದ. ಹಾರ್ನಡಿ 1949ರಲ್ಲಿ ಗ್ರಾಂಡ್ ಐಲೆಂಡಿನಲ್ಲಿ ಕಾರ್ಖಾನೆ ತೆಗೆದ. ಒಮಾಹಾದಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದು ಹೋದರೆ ಆ ಊರು ಸಿಗುತ್ತದೆ. ಹಿರಿಯರು ಈ ಕತೆ ಹೇಳಿದಾಗ ನಾನು ಸನ್ನೆಗೋಲು ಬಿಟ್ಟು ಸುಮ್ಮನೆ ಕೂತೆ. ಯಾವ ಕೆಲಸಕ್ಕೂ ಬಾರದ ಖೋಖಾ ಎಂದುಕೊಂಡದ್ದು, ಇನ್ನೊಂದು ಗುಂಡಿನ ಮೈಹೊದಿಕೆಯಾಗಿ ಹೊರಟಿತ್ತು. ಶಿವಮೊಗ್ಗದ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಿದ ಎಲ್ಲ ಹುಡುಗಿಯರಿಗೂ ಇದನ್ನು ಬರೆದು ತಿಳಿಸಬೇಕೆನ್ನಿಸಿತು. ಇಬ್ಬರಿಗೆ ಬರೆದೆ ಕೂಡ.

ಕೋವಿಯ ಸುದ್ದಿಯನ್ನು ಈ ದೇಶದಿಂದ ಬರೆಯುವಾಗ ಮನಸ್ಸು ಭಾರವಾಗದೆ ಇರುವುದಿಲ್ಲ. ನನ್ನ ಮಗಳ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಗೋಡೆಯ ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಅಭ್ಯಾಸ ಮಾಡಿಸುತ್ತಾರೆ. ಅವಳು ಮನೆಗೆ ಬಂದು ಅದನ್ನು ಗಣಿತದ ಪಾಠ ಹೇಳಿದಷ್ಟೇ ಸಹಜವಾಗಿ ಹೇಳುತ್ತಾಳೆ. ಕೇಳುವಾಗ ನನ್ನ ಹೊಟ್ಟೆಯೊಳಗೆ ಕಲ್ಲು ಬೀಳುತ್ತದೆ. ನಾನು ತುಂಬಿದ ತೋಟಾಗಳು ಕಾಗದದ ವೃತ್ತಕ್ಕಲ್ಲದೆ ಬೇರೆಲ್ಲಿಗೂ ಹೋಗುವುದಿಲ್ಲ. ಹಿರಿಯರ ರಿವಾಲ್ವರ್ ಇರುವುದು ಉಕ್ಕಿನ ಪೆಟ್ಟಿಗೆಯೊಳಗೆ, ಬೀಗದ ಅಂಕಿ ಗೊತ್ತಿರುವುದು ಅವರಿಗೆ ಮತ್ತು ಅವರ ಹೆಂಡತಿಗೆ. ಇಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸು ಬೇಡ, ಮಾರುವುದಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಊರಿನಲ್ಲಿದ್ದಿದ್ದರೆ ಈ ಕಸುಬಿಗೆ ನಾನು ಕೈ ಹಾಕುತ್ತಿರಲಿಲ್ಲ, ಹಾಕಬಾರದು ಕೂಡ. ಆ ಬಿಗಿ ಇರುವುದು ಒಳ್ಳೆಯದೆಂದೇ ನನ್ನ ಭಾವನೆ.

ತುಂಬಿದ ಪ್ರತಿ ಪೆಟ್ಟಿಗೆಯ ಮೇಲೂ ಚೀಟಿ ಅಂಟಿಸುತ್ತೇವೆ. ತಾರೀಕು, ಗುಂಡಿನ ತೂಕ, ಪೌಡರಿನ ಹೆಸರು ಮತ್ತು ತೂಕ, ಪ್ರೈಮರ್, ಈ ಹಿತ್ತಾಳೆ ಎಷ್ಟನೆಯ ಸಲ ತುಂಬಿದ್ದು. ಹಿರಿಯರ ಹಳೆಯ ಚೀಟಿಗಳಲ್ಲಿ ಅಕ್ಷರ ಅಚ್ಚುಕಟ್ಟು, ಹೊಸವುಗಳಲ್ಲಿ ಗೆರೆ ನಡುಗುತ್ತದೆ. ಈಗ ಬರೆಯುವುದು ನಾನು. ಒಂದು ಮೂಲೆಯಲ್ಲಿ ಕನ್ನಡದಲ್ಲಿ ಗುಲಗಂಜಿ ಲೆಕ್ಕವನ್ನೂ ಹಾಕುತ್ತೇನೆ, ಅದು ನನಗಾಗಿ. 2020ರಲ್ಲಿ ಅಂಗಡಿಗಳಲ್ಲಿ ಪ್ರೈಮರ್ ಹುಡುಕಿದರೂ ಸಿಗದಾದಾಗ ಅವರ ಗೂಡಿನಲ್ಲಿದ್ದ ಕೆಲವು ಪೆಟ್ಟಿಗೆಗಳನ್ನು ನಾವು ಕೈ ಬಿಗಿಹಿಡಿದು ಬಳಸಿದೆವು. ಹೊಡೆದದ್ದು ಕಡಿಮೆ, ತೂಗಿದ್ದೇ ಹೆಚ್ಚು.

ಕ್ಲಬ್ಬಿನ ಗೆಳೆಯರೊಬ್ಬರು ಡಿಲನ್ ಕಂಪನಿಯ ಯಂತ್ರ ಕೊಳ್ಳಿ ಎನ್ನುತ್ತಿದ್ದಾರೆ. ಒಂದು ಎಳೆತಕ್ಕೆ ಒಂದು ತೋಟಾ ಪೂರ್ತಿ ತಯಾರಾಗಿ ತಟ್ಟೆಗೆ ಬೀಳುತ್ತದೆಯಂತೆ. ವಾರಕ್ಕೆ ಸಾವಿರ ಹೊಡೆಯುವವರಿಗೆ ಅದು ಬೇಕು. ನನಗೆ ಬೇಡ, ಹಿರಿಯರಿಗೂ ಬೇಡ. ಅಲ್ಲಿ ಮಣೆಯಿಲ್ಲ, ಟಾರ್ಚಿಲ್ಲ, ಐವತ್ತನ್ನೂ ಸಾಲಾಗಿ ನಿಲ್ಲಿಸಿ ಇಬ್ಬರು ಇಣುಕುವ ಹೊತ್ತಿಲ್ಲ. ಚಳಿ ಇಳಿದ ಮೇಲೆ ಹಿತ್ತಿಲಲ್ಲಿ ಒಲೆ ಹಾಕಿ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವುದನ್ನೂ ಕಲಿಸುತ್ತೇನೆ ಎಂದು ಹಿರಿಯರು ಆಸೆಯಿಂದ ಹೇಳಿದ್ದಾರೆ. ಅದಕ್ಕೆ ನಾನು ಒಪ್ಪಿಲ್ಲ. ಸೀಸದ ಧೂಳು ಮಕ್ಕಳ ಮೈಗೆ ಆಗುವಂಥದ್ದಲ್ಲ, ಮಗಳು ಈಗೀಗ ಮೇಜಿನ ಬಳಿ ಬಂದು ನಿಲ್ಲತೊಡಗಿದ್ದಾಳೆ. ಅವಳಿಗೆ ಪ್ರೈಮರ್ ಮುಟ್ಟುವಂತಿಲ್ಲ, ಮದ್ದು ಮುಟ್ಟುವಂತಿಲ್ಲ. ಕೈಪಿಡಿಯ ಪುಟ ತೆರೆದು ಅಂಕಿಯನ್ನು ಗಟ್ಟಿಯಾಗಿ ಓದುವ ಕೆಲಸ ಅವಳದು. ಅವಳು ಓದುತ್ತಾಳೆ, ಹಿರಿಯರು ಅದನ್ನೇ ಮತ್ತೊಮ್ಮೆ ಹೇಳುತ್ತಾರೆ, ನಾನು ತಕ್ಕಡಿಯ ತೋಳನ್ನು ಅಲ್ಲಿಗೆ ಸರಿಸುತ್ತೇನೆ. ಕೆಲಸ ಮುಗಿದ ಮೇಲೆ ಮೂವರೂ ತಣ್ಣೀರಿನಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು ಮೇಲೆ ಬರುತ್ತೇವೆ. ಅಷ್ಟಾದ ಮೇಲೆಯೇ ತಿಂಡಿ. ಕಳೆದ ವಾರ ಅಜ್ಜನಿಗೆ ಕೋಡುಬಳೆ ಕೊಟ್ಟೆವು, ಖಾರ ಹೆಚ್ಚಾಯಿತೆಂದು ನೀರು ಕುಡಿದು ಇನ್ನೆರಡು ಕೇಳಿದರು.